ಏತದಿಂದ ತಕ್ಕಡಿಯವರೆಗೆ: ನಮ್ಮ ಸೀಮೆಯ ಸನ್ನೆ ಮತ್ತು ಬಾರುಕೋಲಿನ ಕಥೆ

ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತ, ಸಂಘದ ನಿರ್ದೇಶಕ. ರಾಜ ಮಹಾರಾಜರ ಚರಿತ್ರೆ ಬರೆಯಲು ವಿದ್ವಾಂಸರಿದ್ದಾರೆ. ನಮ್ಮ ಅಪ್ಪ ಅಜ್ಜಂದಿರು ಕೈಯಲ್ಲಿ ಹಿಡಿದ ಸಾಮಾನುಗಳ ಚರಿತ್ರೆಯನ್ನು ಮಾತ್ರ ನಮ್ಮಂಥವರೇ ಬರೆಯಬೇಕು. ಅದಕ್ಕೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ರೈತರು ನೂರಾರು ವರ್ಷಗಳಿಂದ ಬಳಸಿಕೊಂಡು ಬಂದ ಎರಡು ಉಪಾಯಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಸನ್ನೆ, ಇನ್ನೊಂದು ಬಾರುಕೋಲು.

ಸನ್ನೆಯನ್ನು ನಾವೆಲ್ಲ ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಓದಿದ್ದೇವೆ. ಆಧಾರ ಬಿಂದು, ಭಾರ, ಶ್ರಮ ಅಂತ ಮೂರು ಗುರುತು ಹಾಕಿ ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಮರೆತೆವು. ಆದರೆ ಹಾರೆ, ಇಕ್ಕುಳ, ಅಡಕತ್ತರಿ, ಏತ, ಬೋರಿಂಗ್ ಹಿಡಿ, ತಕ್ಕಡಿ ಇವೆಲ್ಲ ಸನ್ನೆಗಳೇ. ನಾವು ಮರೆತರೂ ಅವು ದಿನಾ ಕೆಲಸ ಮಾಡುತ್ತಲೇ ಇವೆ.

ಹಾರೆಯ ಲೆಕ್ಕ

ತುರುವೇಕೆರೆಗೆ ಹೋದವರು ಗಂಗಾಧರೇಶ್ವರ ದೇವಸ್ಥಾನದ ಬಸವಣ್ಣನನ್ನು ನೋಡಿರುತ್ತೀರಿ. ಕಪ್ಪು ಕಲ್ಲು, ಕನ್ನಡಿಯಂಥ ನುಣುಪು. ಅದೇ ಊರಿನಲ್ಲಿ 13ನೇ ಶತಮಾನದ ಹೊಯ್ಸಳರ ಕಾಲದ ಚೆನ್ನಕೇಶವ ದೇವಸ್ಥಾನವೂ ಇದೆ. ಕಟ್ಟಿಸಿದವರ, ದಾನ ಕೊಟ್ಟವರ ಹೆಸರು ಶಾಸನದಲ್ಲಿ ಇರುವುದುಂಟು. ಹಾರೆ ಹಾಕಿ ಕಲ್ಲು ಮೀಟಿದವರ ಹೆಸರು ಎಲ್ಲಿಯೂ ಸಿಗುವುದಿಲ್ಲ.

ಕ್ರೇನು, ಲಾರಿ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಬಂಡೆಯನ್ನು ಅಲುಗಿಸಲು ಇದ್ದದ್ದು ಹಾರೆ, ದಿಮ್ಮಿ, ಹಗ್ಗ, ಎತ್ತು ಮತ್ತು ಆಳು. ಹಾರೆಯ ಲೆಕ್ಕ ಸುಲಭ. ಐದು ಅಡಿ ಹಾರೆ ತಗೊಳ್ಳಿ. ತುದಿಯಿಂದ ಅರ್ಧ ಅಡಿ ದೂರದಲ್ಲಿ ಅಡಿಗಲ್ಲು ಕೊಡಿ. ಈಗ ಬಂಡೆಯ ಕಡೆಗೆ ಅರ್ಧ ಅಡಿ, ನಿಮ್ಮ ಕಡೆಗೆ ನಾಲ್ಕೂವರೆ ಅಡಿ. ಅಂದರೆ ಒಂದಕ್ಕೆ ಒಂಬತ್ತು. ನೀವು 50 ಕೆ.ಜಿ. ಭಾರ ಬಿಟ್ಟರೆ ಆ ಕಡೆ 450 ಕೆ.ಜಿ. ಎದ್ದು ನಿಲ್ಲುತ್ತದೆ.

ಇದೇನು ಮಾಟವೇ? ಅಲ್ಲ. ಇನ್ನೊಂದು ಲೆಕ್ಕವನ್ನೂ ನೋಡಬೇಕು. ನಿಮ್ಮ ಕೈ ಒಂಬತ್ತು ಅಂಗುಲ ಕೆಳಗೆ ಬಂದರೆ ಬಂಡೆ ಏಳುವುದು ಒಂದೇ ಅಂಗುಲ. ಬಲದಲ್ಲಿ ಒಂಬತ್ತರಷ್ಟು ಕೊಟ್ಟದ್ದನ್ನು ದೂರದಲ್ಲಿ ಒಂಬತ್ತರಷ್ಟು ವಸೂಲು ಮಾಡಿಕೊಂಡಿತು. ಸನ್ನೆ ಯಾರಿಗೂ ಬಿಟ್ಟಿ ಕೊಡುವುದಿಲ್ಲ. ಸಾಲ ಕೊಟ್ಟ ಹಾಗೆ ಕೊಟ್ಟು, ಒಂದು ಪೈಸೆ ಬಿಡದೆ ವಾಪಸ್ಸು ಪಡೆಯುತ್ತದೆ. ಈ ನಿಯಮವನ್ನು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಗ್ರೀಕರ ಸಿರಾಕ್ಯೂಸ್ ಪಟ್ಟಣದ ಆರ್ಕಿಮಿಡೀಸ್ ಲೆಕ್ಕ ಕಟ್ಟಿ ಸಾಧಿಸಿದ. ಮುಂದೆ ಹೇಳುವ ಎಲ್ಲ ಸಂಗತಿಗೂ ಇದೇ ಬೀಗದ ಕೈ. ದಯವಿಟ್ಟು ನೆನಪಿನಲ್ಲಿಡಿ.

ಏತ ತುಳಿದವರು

ಈಗಿನ ಮಕ್ಕಳಿಗೆ ಏತ ಅಂದರೆ ಏನೆಂದು ಗೊತ್ತಿಲ್ಲ. ಬಾವಿಯ ಪಕ್ಕ ಎರಡು ಕಂಬ ಅಥವಾ ಕವಲುಮರ. ಅದರ ಮೇಲೆ ಅಡ್ಡಲಾಗಿ ಒಂದು ಉದ್ದನೆ ದೂಲ. ದೂಲದ ಉದ್ದ ತುದಿಗೆ ಗಳ ಅಥವಾ ಹಗ್ಗ ಕಟ್ಟಿ ಅದಕ್ಕೆ ಬಾನಿ. ಗಿಡ್ಡ ತುದಿಗೆ ದೊಡ್ಡ ಕಲ್ಲು. ಕೆಲವು ಕಡೆ ಕಲ್ಲಿನ ಬದಲು ಒಬ್ಬರು ಅಥವಾ ಇಬ್ಬರು ಆಳು ದೂಲದ ಮೇಲೆಯೇ ಹಿಂದಕ್ಕೂ ಮುಂದಕ್ಕೂ ನಡೆದಾಡುತ್ತಿದ್ದರು. ಕೆಳಗೆ ನಿಂತವನು ಬಾನಿ ಹಿಡಿದು ಕಾಲುವೆಗೆ ಸುರಿಯುತ್ತಿದ್ದ. ಕಾಲು ಜಾರಿದರೆ ಕೆಳಗೆ ಬಾವಿ. ಇದಕ್ಕೆ ಏತ ತುಳಿಯೋದು ಅಂತ ಹೆಸರು. ಬಾನಿಯ ಎಣಿಕೆ ತಪ್ಪದಿರಲಿ, ಆಯಾಸ ತಿಳಿಯದಿರಲಿ ಅಂತ ಹಾಡು ಹೇಳಿಕೊಳ್ಳುತ್ತಿದ್ದರು.

ಏತ ನಮ್ಮ ನಾಡಿಗೆ ಹೊಸದಲ್ಲ. 12ನೇ ಶತಮಾನದ ಬಸವಣ್ಣನವರ ಒಂದು ವಚನದಲ್ಲಿ ಏತದ ಮಾತು ಬರುತ್ತದೆ. ಹೊರಗೆ ಬಾಗಿದ ಮಾತ್ರಕ್ಕೆ ಒಳಗೆ ಭಕ್ತಿ ಇರುತ್ತದೆಯೇ ಎಂದು ಕೇಳಲು ಅವರು ತಲೆ ಬಾಗಿಸುವ ಏತವನ್ನೂ, ಕೈ ಮುಗಿದಂತೆ ಕಾಣುವ ಇಕ್ಕುಳವನ್ನೂ ಎತ್ತಿಕೊಂಡಿದ್ದಾರೆ. ಎರಡೂ ಸನ್ನೆಗಳೇ ಎಂಬುದನ್ನು ಗಮನಿಸಿ. ಕೇಳುವ ಜನರೆಲ್ಲ ದಿನಾ ನೋಡುವ ಸಾಮಾನಾಗಿದ್ದರಿಂದಲೇ ಆ ಮಾತು ನೇರವಾಗಿ ನಾಟಿತು. ಹೊರದೇಶದಲ್ಲಿ ನೋಡಿದರೆ ಈಜಿಪ್ಟಿನ ಸಮಾಧಿಗಳ ಗೋಡೆಯ ಮೇಲೆ ಮೂರು ಸಾವಿರ ವರ್ಷಕ್ಕೂ ಹಿಂದಿನ ಏತದ ಚಿತ್ರಗಳಿವೆ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದರು. ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಿಗೂ ಬಂದಿದ್ದರು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವರ ಪ್ರವಾಸದ ಪುಸ್ತಕದಲ್ಲಿ ನಮ್ಮ ಏತ, ಕಪಿಲೆ ಎರಡರ ವರ್ಣನೆಯೂ ಇದೆ.

ಏತದ ಒಳಗಿನ ಜಾಣತನ ಎಲ್ಲಿದೆ? ಒಂದು ಉದಾಹರಣೆ ನೋಡೋಣ. ದೂಲದ ತೂಕ ಸದ್ಯಕ್ಕೆ ಬಿಡಿ. ಬಾನಿಯ ಕಡೆ 12 ಅಡಿ, ಕಲ್ಲಿನ ಕಡೆ 4 ಅಡಿ ಇರಲಿ. ಖಾಲಿ ಬಾನಿ 4 ಕೆ.ಜಿ., ನೀರು 20 ಕೆ.ಜಿ. ಕಲ್ಲು 42 ಕೆ.ಜಿ. ಕಟ್ಟಿದರೆ, ಆ ಕಲ್ಲು ಬಾನಿಯ ಕಡೆಯ 14 ಕೆ.ಜಿ.ಯನ್ನು ತೂಗುತ್ತದೆ. ಈಗ ಖಾಲಿ ಬಾನಿಯನ್ನು ಬಾವಿಗೆ ಇಳಿಸಲು 10 ಕೆ.ಜಿ. ಬಲದಿಂದ ಕೆಳಗೆ ಎಳೆಯಬೇಕು. ತುಂಬಿದ ಬಾನಿ ಎತ್ತಲು 24ರಲ್ಲಿ 14 ಕಳೆದು ಮತ್ತೆ 10 ಕೆ.ಜಿ. ಬಲ ಸಾಕು. ಕಲ್ಲೇ ಇಲ್ಲದಿದ್ದರೆ ಇಳಿಸುವಾಗ ಏನೂ ಕೆಲಸವಿಲ್ಲ, ಎತ್ತುವಾಗ 24 ಕೆ.ಜಿ. ಒಟ್ಟಿಗೇ ರಟ್ಟೆಗೆ ಬೀಳುತ್ತಿತ್ತು. ಏತ ಮಾಡಿದ್ದು ಇಷ್ಟೇ: ಒಂದೇ ಸಾರಿ ಬೀಳುವ ಹೊರೆಯನ್ನು ಇಳಿಸುವುದಕ್ಕೂ ಏರಿಸುವುದಕ್ಕೂ ಸಮನಾಗಿ ಹಂಚಿತು. ನೀರು ಎತ್ತುವ ಕೆಲಸ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲಿಲ್ಲ. ಮನುಷ್ಯನ ರಟ್ಟೆ ತಡೆದುಕೊಳ್ಳುವಂತೆ ಕಂತು ಮಾಡಿಕೊಟ್ಟಿತು. ಈ ಕಂತಿನ ಲೆಕ್ಕವನ್ನು ಕಂಡುಹಿಡಿದವರು ಯಾವ ಶಾಲೆಗೆ ಹೋಗಿದ್ದರು ಹೇಳಿ!

ಏತದ ಮೊಮ್ಮಗ ನಮ್ಮೂರ ಬೀದಿಯ ಬೋರಿಂಗ್. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ ಇಂಡಿಯಾ ಮಾರ್ಕ್-2 ಎಂಬ ಕೈಪಂಪು ಅದು. ಅದರ ಹಿಡಿ ಒಂದಕ್ಕೆ ಎಂಟರ ಸನ್ನೆ. ಹಿಡಿಯ ತುದಿ ಎಂಟು ಅಂಗುಲ ಇಳಿದರೆ ಒಳಗಿನ ಸರಳು ಒಂದು ಅಂಗುಲ ಏಳುತ್ತದೆ. ಅದಕ್ಕೇ ಹತ್ತು ವರ್ಷದ ಹುಡುಗಿಯೂ ಆಳವಾದ ಕೊಳವೆ ಬಾವಿಯಿಂದ ಕೊಡ ತುಂಬಿಸಿಕೊಳ್ಳಬಲ್ಲಳು. ಹಿಡಿಯನ್ನು ನಡುವೆ ಹಿಡಿದು ಒತ್ತಿದರೆ ಕಷ್ಟ, ತುದಿಗೆ ಹಿಡಿದರೆ ಹಗುರ. ನೀರಿಗೆ ಬಂದ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಪಿಲೆ ಮತ್ತು ಬಾರುಕೋಲು

ತೆಂಗಿನ ತೋಟಕ್ಕೆ ಏತದ ನೀರು ಸಾಲದು. ಆಳವಾದ ಬಾವಿ ಇದ್ದವರು ಕಪಿಲೆ ಹೂಡುತ್ತಿದ್ದರು. ತೊಗಲಿನ ದೊಡ್ಡ ಚೀಲ, ಬಾವಿಯ ದಡದ ಮೇಲೆ ರಾಟೆ, ರಾಟೆಯ ಮೇಲೆ ಹಾದು ಬರುವ ಮಿಣಿ, ಎಳೆಯಲು ಜೋಡೆತ್ತು. ಇಲ್ಲಿ ಸನ್ನೆ ಇಲ್ಲ, ಆದರೂ ಉಪಾಯವಿದೆ. ಎತ್ತು ನಡೆಯುವ ದಾರಿಯನ್ನು ಇಳಿಜಾರಾಗಿ ಅಗೆದಿರುತ್ತಿದ್ದರು. ಭಾರ ಎಳೆಯುವಾಗ ಎತ್ತು ಇಳಿಜಾರಿನಲ್ಲಿ ಕೆಳಗೆ ಹೋಗುತ್ತದೆ, ಅದರ ಮೈಭಾರವೇ ನೀರು ಎತ್ತಲು ಒದಗುತ್ತದೆ. ಸಾಲದ್ದಕ್ಕೆ ಕಪಿಲೆ ಹೊಡೆಯುವವನು ಮಿಣಿಯ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಿದ್ದ. ಸಾಲ ವಾಪಸ್ಸು ಮಾಡುವುದು ಆಮೇಲೆ, ಎತ್ತು ಖಾಲಿ ಹಗ್ಗದೊಂದಿಗೆ ಇಳಿಜಾರನ್ನು ಹಿಂದಕ್ಕೆ ಹತ್ತುವಾಗ.

ಬಡಗಿ ರಾಟೆ ಕೊಡುತ್ತಿದ್ದ, ಕಮ್ಮಾರ ಇರಚಿ ಕೊಡುತ್ತಿದ್ದ, ತೊಗಲಿನ ಕೆಲಸದವರು ಚೀಲ, ಮಿಣಿ ಹೊಲಿದುಕೊಡುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಆಯ ಅಳೆದು ಕೊಡುವ ಪದ್ಧತಿ. ಹೀಗೆ ಒಂದು ತೋಟದ ನೀರಿಗೆ ಊರಿನ ಎಲ್ಲ ಕೇರಿಯವರ ಕೈ ಸೇರುತ್ತಿತ್ತು. ಹಳ್ಳಿಗಳಿಗೆ ಕರೆಂಟು ಬಂದು ಪಂಪ್‌ಸೆಟ್ಟು ಕೂತ ಮೇಲೆ ಕಪಿಲೆಗಳು ಒಂದೊಂದಾಗಿ ನಿಂತವು.

ಕಪಿಲೆಯ ಜೊತೆಗಾರ ಬಾರುಕೋಲು. ಹಳ್ಳಿಕಾರ್, ಅಮೃತಮಹಲ್ ಎತ್ತುಗಳಿಗೆ ಹೆಸರಾದ ಸೀಮೆ ನಮ್ಮದು. ಅಮೃತಮಹಲ್ ತಳಿಯನ್ನು ಸಾಕುವ ಸರ್ಕಾರಿ ಕೇಂದ್ರ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲೇ ಇದೆ. ಒಳ್ಳೆಯ ಆರಂಬಗಾರ ಎತ್ತಿಗೆ ಹೊಡೆಯುವುದು ಕಡಿಮೆ. ಗಾಳಿಯಲ್ಲಿ ಬಾರು ಬೀಸಿ ಚಟೀರ್ ಅನ್ನಿಸಿದರೆ ಸಾಕು, ಎತ್ತು ಕಿವಿ ನಿಮಿರಿಸಿ ಹೆಜ್ಜೆ ಹಾಕುತ್ತದೆ.

ಈ ಚಟೀರ್ ಶಬ್ದ ಎಲ್ಲಿಂದ ಬಂತು? ಬಾರು ಎತ್ತಿಗೆ ತಾಗಿಲ್ಲ, ನೆಲಕ್ಕೆ ತಾಗಿಲ್ಲ. ದುರುಗಮುರುಗಿಯವರು ಬೀದಿಯಲ್ಲಿ ಚಾಟಿ ಬೀಸಿದಾಗಲೂ ಗಾಳಿಯಲ್ಲೇ ಪಟಾಕಿ ಹೊಡೆದಂತಾಗುತ್ತದಲ್ಲ? ವಿಜ್ಞಾನಿಗಳಿಗೂ ಇದು ಬಹಳ ಕಾಲ ಒಗಟಾಗಿತ್ತು. ಬಾರಿನ ತುದಿ ಶಬ್ದಕ್ಕಿಂತ ವೇಗವಾಗಿ ಹೋಗುತ್ತಿರಬೇಕು ಎಂದು 1905ರಲ್ಲಿ ಒಟ್ಟೊ ಲುಮ್ಮರ್ ಎಂಬ ಜರ್ಮನ್ ವಿಜ್ಞಾನಿ ಊಹಿಸಿದರು. 1958ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಪ್ರಯೋಗದಿಂದಲೂ ಲೆಕ್ಕದಿಂದಲೂ ತೋರಿಸಿದರು. ಶಬ್ದದ ವೇಗ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ಗಂಟೆಗೆ 1,200 ಕಿಲೋಮೀಟರಿಗೂ ಹೆಚ್ಚು. ಬಾರಿನ ತುದಿ ಅದನ್ನೂ ಮೀರಿ ಹೋಗುವುದರಿಂದ ಗಾಳಿ ಒಮ್ಮೆಗೇ ಒತ್ತಿಕೊಂಡು ಸಿಡಿಯುತ್ತದೆ. ನಮಗೆ ಕೇಳುವುದು ಆ ಸಿಡಿತ. 2002ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಗೊರಿಯೆಲಿ ಮತ್ತು ಮೆಕ್‌ಮಿಲೆನ್ ಎಂಬುವರು ಇನ್ನೂ ಮುಂದೆ ಹೋಗಿ, ಬಾರಿನ ಉದ್ದಕ್ಕೂ ಓಡುವ ಸುರುಳಿಯಿಂದಲೇ ಆ ಸಿಡಿತ ಹುಟ್ಟುತ್ತದೆ ಎಂದು ಲೆಕ್ಕ ಹಾಕಿದರು.

ಮನುಷ್ಯ ವಿಮಾನದಲ್ಲಿ ಕೂತು ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗ ದಾಟಿದ್ದು 1947ರ ಅಕ್ಟೋಬರ್ 14ರಂದು, ಅಮೆರಿಕದ ಚಕ್ ಯೇಗರ್. ಅದಕ್ಕೂ ಎಷ್ಟೋ ಶತಮಾನ ಮೊದಲೇ ಚಾಟಿ ಬೀಸುವವರು ಅದನ್ನು ದಾಟಿಸುತ್ತಿದ್ದರು. ಅವರಿಗೆ ತಾವು ಮಾಡುತ್ತಿರುವುದು ಏನೆಂದು ಗೊತ್ತಿರಲಿಲ್ಲ, ಅಷ್ಟೆ.

ನಮ್ಮ ತೋಳಿಗೆ ಅಷ್ಟು ವೇಗ ಎಲ್ಲಿದೆ? ಬಾರಿನ ಗುಟ್ಟು ಅದರ ಆಕಾರದಲ್ಲಿದೆ. ಬುಡ ದಪ್ಪ, ತುದಿ ಸಣ್ಣ. ಬೀಸಿ ತಟ್ಟನೆ ಕೈ ನಿಲ್ಲಿಸಿದಾಗ ಒಂದು ಸುರುಳಿ ಬುಡದಿಂದ ತುದಿಯ ಕಡೆ ಓಡುತ್ತದೆ. ಹೋಗ್ತಾ ಹೋಗ್ತಾ ಓಡುವ ಬಾರಿನ ತೂಕ ಕಡಿಮೆಯಾಗುತ್ತದೆ, ಆದರೆ ಕೈ ಕೊಟ್ಟ ಶಕ್ತಿ ಅದರಲ್ಲೇ ಇರುತ್ತದೆ. ಶಕ್ತಿ ಅಷ್ಟೇ ಇದ್ದು ತೂಕ ಕಾಲುಭಾಗಕ್ಕೆ ಇಳಿದರೆ ವೇಗ ಎರಡರಷ್ಟು ಆಗಲೇಬೇಕು. ತೂಕ ಹದಿನಾರನೇ ಒಂದು ಪಾಲಾದರೆ ವೇಗ ನಾಲ್ಕರಷ್ಟು. ಗಾಳಿಯ ತಡೆ, ಬಾರಿನ ಸವೆತದಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಆದರೂ ತುದಿ ಗುಂಡಿನ ಹಾಗೆ ಹಾರುತ್ತದೆ. ಹಾರೆಯಲ್ಲಿ ದೂರ ಕೊಟ್ಟು ಬಲ ಪಡೆದೆವು. ಬಾರುಕೋಲಿನಲ್ಲಿ ತೂಕ ಬಿಟ್ಟು ವೇಗ ಪಡೆದೆವು. ಇಲ್ಲಿಯೂ ಬಿಟ್ಟಿ ಏನೂ ಇಲ್ಲ.

ಕವಣೆ, ಮಚ್ಚು, ದೋಟಿ

ರಾಗಿ, ಜೋಳ ಹಾಲುತುಂಬುವಾಗ ಹೊಲದ ಅಟ್ಟಣೆ ಮೇಲೆ ನಿಂತು ಹಕ್ಕಿ ಓಡಿಸಲು ಕವಣೆ ಬೀಸುತ್ತಿದ್ದುದನ್ನು ಹಿರಿಯರು ಬಲ್ಲರು. ಕವಣೆ ಎಂದರೆ ತೋಳನ್ನು ಉದ್ದ ಮಾಡಿಕೊಂಡಂತೆ. ತೋಳು ಎರಡು ಅಡಿ, ಕವಣೆ ಮೂರು ಅಡಿ ಆದರೆ ಕಲ್ಲು ಐದು ಅಡಿಯ ಸುತ್ತಿನಲ್ಲಿ ತಿರುಗುತ್ತದೆ. ಅದೇ ತಿರುವಿಗೆ ವೇಗ ಎರಡೂವರೆ ಪಟ್ಟು. ಏಟಿನ ಶಕ್ತಿ ಆರು ಪಟ್ಟಿಗೂ ಹೆಚ್ಚು. ಬಿಟ್ಟ ತಕ್ಷಣ ಕವಣೆಯ ಬಿಚ್ಚಿದ ತುದಿಯೂ ಬಾರಿನ ಹಾಗೆ ಚಟ್ ಎನ್ನುತ್ತದೆ. ಕಲ್ಲು ತಾಗದಿದ್ದರೂ ಆ ಸದ್ದಿಗೇ ಗಿಳಿ ಗೊರವಂಕ ಏಳುತ್ತವೆ.

ಇನ್ನು ನಮ್ಮ ಜೀವನಾಧಾರವಾದ ಕೊಬ್ಬರಿಗೆ ಬರೋಣ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಎಂಟು ಹತ್ತು ತಿಂಗಳು ನೀರು ಒಣಗುವ ತನಕ ಕಾಯ್ದು, ಆಮೇಲೆ ಸುಲಿದು, ಕರಟ ಒಡೆದು ಇಡೀ ಗಿಟುಕನ್ನು ತೆಗೆಯುವುದು ನಮ್ಮ ಪದ್ಧತಿ. ಉಂಡೆ ಕೊಬ್ಬರಿ ಎಂದು ದೇಶಕ್ಕೆಲ್ಲ ಹೋಗುವುದು ಇದೇ.

ಸುಲಿಯುವವನು ನೆಲದಲ್ಲಿ ಹೂತ ಕಬ್ಬಿಣದ ಮೊನೆಗೆ ಕಾಯಿಯನ್ನು ಚುಚ್ಚಿ, ಎರಡೂ ಕೈಯಿಂದ ಒತ್ತಿ ತಿರುಚುತ್ತಾನೆ. ಇಲ್ಲಿ ಸನ್ನೆ ಬೇರೆ ಸಾಮಾನಲ್ಲ, ಕಾಯಿಯೇ ಸನ್ನೆ. ಮೊನೆಯ ಬದಿ ಆಧಾರ ಬಿಂದು. ಕೈ ಹಿಡಿದ ಕಡೆ ಉದ್ದ ತೋಳು, ಮಟ್ಟೆ ಬಿಡಿಸಿಕೊಳ್ಳುವ ಕಡೆ ಗಿಡ್ಡ ತೋಳು. ಕಲಿತವನು ಮೂರು ನಾಲ್ಕು ತಿರುವಿಗೆ ಒಂದು ಕಾಯಿ ಮುಗಿಸುತ್ತಾನೆ. ಆದರೆ ಹೊಟ್ಟೆಯ ಎದುರಿಗೇ ಮೊನೆ ಇರುವ ಈ ಕೆಲಸ ಅಪಾಯದ್ದು. ಸಂಜೆಗೆ ಸೊಂಟ, ಮಣಿಕಟ್ಟು ಎರಡೂ ಸೋಲುತ್ತವೆ. ಕೇರಳ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ 'ಕೇರಮಿತ್ರ' ಎಂಬ ಕೈಸನ್ನೆಯ ಸಾಧನದಲ್ಲಿ ಎರಡು ಮೊನೆಗಳು ಮಟ್ಟೆಯೊಳಗೆ ಹೋಗಿ, ಹಿಡಿ ಎತ್ತಿದರೆ ಅಗಲವಾಗಿ ಮಟ್ಟೆ ಬಿಡಿಸುತ್ತವೆ. ಕೈಯೂ ಮೊನೆಯೂ ದೂರ ದೂರ. ವೇಗದಲ್ಲಿ ನುರಿತ ಆಳನ್ನು ಅದು ಮೀರಿಸದೇ ಇರಬಹುದು, ಆದರೆ ಕಲಿಯದ ಹೆಣ್ಣುಮಕ್ಕಳೂ ವಯಸ್ಸಾದವರೂ ಭಯವಿಲ್ಲದೆ ನಾಲ್ಕು ಕಾಯಿ ಸುಲಿಯಬಹುದು.

ಕರಟ ಒಡೆಯುವುದರಲ್ಲಿ ಬಾರುಕೋಲಿನ ವಿದ್ಯೆ ಇದೆ. ಗಮನಿಸಿ ನೋಡಿ. ಮಚ್ಚು ಹಿಡಿದ ಅನುಭವಸ್ಥರು ತೋಳಿನ ಬಲ ಬಿಡುವುದಿಲ್ಲ. ಭುಜ ಸ್ವಲ್ಪ ಅಲ್ಲಾಡಿ ನಿಲ್ಲುತ್ತದೆ, ಮೊಣಕೈ ಮುಂದೆ ಬಂದು ನಿಲ್ಲುತ್ತದೆ, ಕೊನೆಗೆ ಮಣಿಕಟ್ಟು ಮಾತ್ರ ಚುರುಕಾಗಿ ಹೊರಳುತ್ತದೆ. ದಪ್ಪ ಬುಡದಿಂದ ಸಣ್ಣ ತುದಿಗೆ ಓಟ ದಾಟುವುದು ಅಂದರೆ ಇದೇ. ಸಣ್ಣ ಚುರುಕು ಏಟಿಗೆ ಕರಟ ಬಿರಿಯುತ್ತದೆ, ಒಳಗಿನ ಗಿಟುಕು ಹಾಗೇ ಉಳಿಯುತ್ತದೆ. ಹೊಸಬನು ತೋಳಿನ ಭಾರವನ್ನೆಲ್ಲ ಹಾಕಿ ಹೊಡೆದರೆ ಗಿಟುಕೂ ಹೋಳಾಗುತ್ತದೆ. ಹೋಳಿಗೂ ಗಿಟುಕಿಗೂ ಮಾರುಕಟ್ಟೆಯಲ್ಲಿ ಎಷ್ಟು ವ್ಯತ್ಯಾಸ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಒಂದು ವರ್ಷದ ಕಾಯುವಿಕೆಯ ಬೆಲೆ ಆ ಮಣಿಕಟ್ಟಿನಲ್ಲಿದೆ. ಆ ವಿದ್ಯೆ ಬಲ್ಲವರಿಗೆ ನಾವು ಕೊಡುವ ಕೂಲಿಯನ್ನು ಬರೀ ರಟ್ಟೆಯ ಕೂಲಿ ಎಂದು ತಿಳಿಯಬಾರದು.

ಮರ ಹತ್ತುವವರು ಕಡಿಮೆಯಾದ ಮೇಲೆ ದೋಟಿಯ ಬಳಕೆ ಹೆಚ್ಚಿದೆ. ದೋಟಿ ನಮಗೆ ವಿರುದ್ಧವಾದ ಸನ್ನೆ. ಕೈ ಇರುವುದು ಬುಡದಲ್ಲಿ, ಭಾರ ಇರುವುದು ತುದಿಯಲ್ಲಿ. 30 ಅಡಿ ದೋಟಿಯನ್ನು ಅಡ್ಡಲಾಗಿ ಎತ್ತಿ, ಬುಡಕ್ಕೆ ಒಂದು ಕೈ, ಎರಡು ಅಡಿ ಮುಂದೆ ಇನ್ನೊಂದು ಕೈ ಇಟ್ಟರೆ, ತುದಿಯ 1 ಕೆ.ಜಿ. ಕುಡುಗೋಲಿಗೆ ಬುಡದ ಕೈ 14 ಕೆ.ಜಿ. ಒತ್ತಬೇಕು. ದೋಟಿಯ ತೂಕ ಬೇರೆ. ನೆಟ್ಟಗೆ ನಿಲ್ಲಿಸಿದರೆ ಭಾರ ನೇರ ನೆಲಕ್ಕೆ ಹೋಗುತ್ತದೆ, ವಾಲಿದಂತೆಲ್ಲ ನಮ್ಮ ಮೇಲೆ ಬರುತ್ತದೆ, ಒಂದು ಹಂತ ದಾಟಿದರೆ ಹಿಡಿದು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಕರೆಂಟು ತಂತಿಯ ಹತ್ತಿರ ದೋಟಿ ಬೇಡ, ಅದರಲ್ಲೂ ಅಲ್ಯೂಮಿನಿಯಂ ದೋಟಿ ಬೇಡವೇ ಬೇಡ. ಹಸಿ ಬಿದಿರನ್ನೂ ನಂಬಬೇಡಿ. ವಾಲುವ ದೋಟಿ ನಿಮ್ಮ ಮಾತು ಕೇಳುವುದಿಲ್ಲ, ತಂತಿಯೂ ಕೇಳುವುದಿಲ್ಲ.

ಬಾರುಕೋಲಿನ ವಿಷಯದಲ್ಲಿಯೂ ಇಂಥದೇ ಒಂದು ಎಚ್ಚರಿಕೆ. ಕೊಳವೆ ಬಾವಿಯಿಂದ ಮೋಟಾರು ಎತ್ತುವಾಗ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವಾಗ, ಬಿಗಿದ ಹಗ್ಗ ಅಥವಾ ತಂತಿ ಕಿತ್ತರೆ ಅದರ ತುದಿ ಬಾರಿನ ಹಾಗೆಯೇ ಹಿಂದಕ್ಕೆ ಹೊಡೆಯುತ್ತದೆ. ಎಳೆಯುವ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಮಕ್ಕಳನ್ನು ನೋಡಲು ಬಿಡಬಾರದು.

ತಕ್ಕಡಿಯ ತೋಳು

ಎಲ್ಲಕ್ಕಿಂತ ಹೆಚ್ಚಾಗಿ ರೈತನ ಬಾಳನ್ನು ತೂಗಿದ ಸನ್ನೆ ತಕ್ಕಡಿ. ಹಂಪಿಯ ವಿಠಲ ದೇವಸ್ಥಾನದ ಬಳಿ ಕಲ್ಲಿನ ತುಲಾಭಾರದ ಕಮಾನು ಇವತ್ತಿಗೂ ನಿಂತಿದೆ. ಅರಸರು ತಮ್ಮ ತೂಕದ ಚಿನ್ನ ತೂಗಿ ದಾನ ಮಾಡುತ್ತಿದ್ದರೆಂದು ಹೇಳುತ್ತಾರೆ. ಅರಸನ ತಕ್ಕಡಿಯಲ್ಲಿ ಮೋಸವಾದರೆ ಅರಸನಿಗೇನೂ ನಷ್ಟವಿಲ್ಲ. ರೈತನ ತಕ್ಕಡಿಯ ಕಥೆ ಹಾಗಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗೇ ಒಂದು ಅಧ್ಯಾಯವಿದೆ. ಬೇರೆ ಬೇರೆ ಉದ್ದದ ತಕ್ಕಡಿಗಳ ಲೆಕ್ಕ, ನಾಲ್ಕು ತಿಂಗಳಿಗೊಮ್ಮೆ ತೂಕಗಳನ್ನು ಪರೀಕ್ಷಿಸಿ ಮುದ್ರೆ ಹಾಕಬೇಕೆಂಬ ಕಟ್ಟಳೆ ಅದರಲ್ಲಿದೆ. ಅಂದರೆ ತಕ್ಕಡಿ ಹುಟ್ಟಿದ ಕಾಲದಿಂದ ಅನುಮಾನವೂ ಜೊತೆಗೇ ಬೆಳೆದಿದೆ.

ಹಿಂದೆ ಊರಿಗೊಂದು ಸೇರು, ಸೀಮೆಗೊಂದು ಮಣ. 1956ರ ತೂಕ ಅಳತೆ ಕಾಯ್ದೆ ಬಂದು, 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋಗ್ರಾಂ ಜಾರಿಯಾದ ಮೇಲೆ ಆ ಗೊಂದಲ ಮುಗಿಯಿತು. ಆದರೆ ಬಟ್ಟು ಸರಿಯಿದ್ದ ಮಾತ್ರಕ್ಕೆ ತೂಕ ಸರಿಯೆಂದು ಹೇಳಲಾಗದು. ತೋಳನ್ನೂ ನೋಡಬೇಕು.

ಹೇಗೆಂದರೆ, ತಕ್ಕಡಿಯ ಬಟ್ಟಿನ ಕಡೆ ತೋಳು 50 ಸೆಂ.ಮೀ., ಮಾಲಿನ ಕಡೆ ತೋಳು 49.5 ಸೆಂ.ಮೀ. ಇದೆ ಎನ್ನಿ. ಅರ್ಧ ಸೆಂಟಿಮೀಟರ್ ವ್ಯತ್ಯಾಸ ಯಾವ ಕಣ್ಣಿಗೂ ಕಾಣುವುದಿಲ್ಲ. ಮಾಲಿನ ತಟ್ಟೆಯನ್ನು ಒಂದಿಷ್ಟು ಭಾರ ಮಾಡಿಟ್ಟರೆ ಖಾಲಿ ತಕ್ಕಡಿ ನೆಟ್ಟಗೇ ನಿಲ್ಲುತ್ತದೆ. ರೈತ ನೋಡುತ್ತಾನೆ, ಮುಳ್ಳು ಮಧ್ಯದಲ್ಲಿದೆ, ಸರಿ ಅಂತಾನೆ. ಆದರೆ 100 ಕೆ.ಜಿ. ಕೊಬ್ಬರಿಗೆ ಆ ಕಡೆ 99 ಕೆ.ಜಿ. ಬಟ್ಟು ಸಾಕು. ಕ್ವಿಂಟಾಲಿಗೆ ಒಂದು ಕೆ.ಜಿ. ಹೋಯಿತು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಕ್ವಿಂಟಾಲಿಗೆ 120 ರೂಪಾಯಿ, ಹತ್ತು ಕ್ವಿಂಟಾಲಿಗೆ 1,200 ರೂಪಾಯಿ. ಅರ್ಧ ಸೆಂಟಿಮೀಟರ್ ತೋಳು ಮಾಡುವ ಕೆಲಸ ನೋಡಿ.

ಇದಕ್ಕೆ ಮದ್ದು ಹಳೆಯದು, ಖರ್ಚಿಲ್ಲದ್ದು. ಮಾಲನ್ನೂ ಬಟ್ಟನ್ನೂ ತಟ್ಟೆ ಅದಲುಬದಲು ಮಾಡಿ ಇನ್ನೊಮ್ಮೆ ತೂಗಿ. ಎರಡು ಸಲವೂ ಒಂದೇ ತೂಕ ಬಂದರೆ ತಕ್ಕಡಿ ಪ್ರಾಮಾಣಿಕ. ಬೇರೆ ಬಂದರೆ ತೋಳಿನಲ್ಲೋ ತಟ್ಟೆಯಲ್ಲೋ ದೋಷವಿದೆ. ಖಾಲಿ ತಕ್ಕಡಿ ಸಮ ನಿಂತಿತು ಎಂಬುದು ಸಾಕ್ಷಿಯಲ್ಲ, ತಟ್ಟೆ ಬದಲಿಸಿದ ಮೇಲೂ ಸಮ ನಿಂತರೆ ಅದು ಸಾಕ್ಷಿ.

ಮೂಟೆ ತೂಗುವ ಹಲಗೆ ಕಾಟಾ ಬಂದದ್ದು ಆಮೇಲೆ. ಅಮೆರಿಕದ ಥಡಿಯಸ್ ಫೇರ್‌ಬ್ಯಾಂಕ್ಸ್ 1831ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹಲಗೆಯ ಕೆಳಗೆ ಸನ್ನೆಗೆ ಸನ್ನೆ ಜೋಡಿಸಿರುವುದರಿಂದ ಒಂದು ಕೆ.ಜಿ. ಬಟ್ಟು ನೂರು ಕೆ.ಜಿ. ಮೂಟೆಯನ್ನು ತೂಗಬಲ್ಲದು. ಲಾಭ ನೂರು ಪಟ್ಟಾದರೆ ತಪ್ಪೂ ನೂರು ಪಟ್ಟು. ಆ ಸಣ್ಣ ಬಟ್ಟು ಹತ್ತು ಗ್ರಾಂ ಸವೆದರೆ ಮೂಟೆಯ ತೂಕದಲ್ಲಿ ಒಂದು ಕೆ.ಜಿ. ಏರುಪೇರು. ಇವತ್ತಿನ ಎಲೆಕ್ಟ್ರಾನಿಕ್ ಕಾಟಾದಲ್ಲಿ ಬಟ್ಟಿಲ್ಲ. ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುವ ಒಂದು ಲೋಹದ ತುಂಡು ಇರುತ್ತದೆ, ಆ ಬಾಗನ್ನು ಅಳೆದು ಅಂಕಿ ತೋರಿಸುತ್ತದೆ. ಕೆಂಪು ಅಂಕಿ ಕಂಡ ತಕ್ಷಣ ಕೈಮುಗಿದು ನಂಬುವುದು ಬೇಡ. ಮುದ್ರೆ ಇರುವ 20 ಕೆ.ಜಿ. ಬಟ್ಟನ್ನು ಹಲಗೆಯ ನಡುವೆಯೂ ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿ. ಐದು ಕಡೆಯೂ 20 ಬರಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ವ್ಯಾಪಾರದ ತಕ್ಕಡಿಗೆ, ಬಟ್ಟಿಗೆ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಇರಲೇಬೇಕು. ಮುದ್ರೆ ತೋರಿಸಿ ಎಂದು ಕೇಳುವುದು ಜಗಳವಲ್ಲ, ಹಕ್ಕು.

ಸದಸ್ಯರಲ್ಲಿ ಎರಡು ವಿನಂತಿ

ಮೊದಲನೆಯದು, ನಮ್ಮ ಸಂಘದಲ್ಲಿ ತೂಗುವ ಜಾಗದ ಪಕ್ಕದಲ್ಲೇ ಮುದ್ರೆ ಹಾಕಿದ 20 ಕೆ.ಜಿ. ಬಟ್ಟೊಂದು ಸದಾ ಇರಲಿ, ಯಾವ ಸದಸ್ಯರು ಯಾವಾಗ ಬಂದರೂ ತಾವೇ ಇಟ್ಟು ನೋಡಿಕೊಳ್ಳಲಿ ಎಂದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸೂಚನೆ ಮಂಡಿಸಬೇಕೆಂದಿದ್ದೇನೆ. ನಿರ್ದೇಶಕರ ಮೇಲಿನ ನಂಬಿಕೆ ಒಳ್ಳೆಯದೇ. ಆದರೆ ನಂಬಿಕೆಯನ್ನು ತೂಗಿ ನೋಡಲು ಒಂದು ಬಟ್ಟು ಇದ್ದರೆ ಅದು ಇನ್ನೂ ಗಟ್ಟಿಯಾಗುತ್ತದೆ. ತಾವೆಲ್ಲ ಬೆಂಬಲಿಸಬೇಕು.

ಎರಡನೆಯದು, ನಿಮ್ಮ ಮನೆಯ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಏತದ ಬಾನಿ, ಕಪಿಲೆ ರಾಟೆ, ಹಳೆ ತಕ್ಕಡಿಯ ದಂಡಿ, ಕವಣೆ, ಬಾರುಕೋಲು ಇದ್ದರೆ ಗುಜರಿಗೆ, ಒಲೆಗೆ ಹಾಕಬೇಡಿ. ಸಂಘದ ಕಟ್ಟಡದಲ್ಲಿ ಒಂದು ಗೋಡೆ ಅವಕ್ಕೆ ಬಿಟ್ಟುಕೊಡೋಣ. ಅದಕ್ಕಿಂತ ಮುಖ್ಯ, ಏತ ತುಳಿದ, ಕಪಿಲೆ ಹೊಡೆದ ಹಿರಿಯರು ಇನ್ನೂ ನಮ್ಮ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಸಾಮಾನಿನ ಒಂದೊಂದು ಭಾಗಕ್ಕೂ ಅವರ ಬಾಯಲ್ಲಿ ಒಂದೊಂದು ಹೆಸರಿದೆ. ಹೈಸ್ಕೂಲು ಓದುವ ಮಕ್ಕಳು ನೋಟ್‌ಬುಕ್ಕು ಹಿಡಿದು ಅವರ ಜಗಲಿಯ ಮೇಲೆ ಕೂತು ಬರೆದುಕೊಳ್ಳಲಿ. ಪುಸ್ತಕದ ಸನ್ನೆಯ ಪಾಠವೂ ಆಗ ಚೆನ್ನಾಗಿ ತಲೆಗೆ ಹತ್ತುತ್ತದೆ.